ಮ್ಯಾಪ್ ಮಜ್ಜಿಗೆ ಕೊಡುತ್ತಾ?

ಕಾರಿನ ಡಿಕ್ಕಿಯಿಂದ ಬೂಸಾ ತೆಗೆಯುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಬೆಳಿಗ್ಗೆಯಿಂದ ಗುಡಿಸುತ್ತಲೇ ಇದ್ದೇನೆ. ಸ್ಟೆಪ್ನಿಯ ಸಂದಿಗೆಲ್ಲ ಹೊಕ್ಕಿದೆ. ನಮ್ಮ ಮನೆಯಲ್ಲಿ ಹಸು ಇಲ್ಲ. ಎಮ್ಮೆಯೂ ಇಲ್ಲ. ಇರುವುದು ಒಬ್ಬರು ಭಾವ.

ಮೈಸೂರಿನವರಿಗೆ ಭಾನುವಾರದ ಕಥೆ ಗೊತ್ತೇ ಇದೆ. ಇಲ್ಲಿ ಯಾವ ದಿಕ್ಕಿಗೆ ಕಾರು ತಿರುಗಿಸಿದರೂ ಒಂದು ಹಳೇ ಊರು ಸಿಗುತ್ತದೆ. ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು, ಮೇಲುಕೋಟೆ. ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಬರುವಂಥವು. ಆರು ಗಂಟೆಗೆ ಹೊರಡೋಣ ಅಂತ ಹಿಂದಿನ ರಾತ್ರಿ ಎಲ್ಲರೂ ಒಪ್ಪುತ್ತಾರೆ. ಒಂಬತ್ತು ಗಂಟೆಗೆ ಚಿತ್ರಾನ್ನದ ಡಬ್ಬಿಯ ಮುಚ್ಚಳ ಕಾಣೆಯಾಗಿರುತ್ತದೆ. ಅದು ಬಿಡಿ, ಎಲ್ಲರ ಮನೆಯಲ್ಲೂ ಅಷ್ಟೇ. ಅದಕ್ಕೆಲ್ಲ ನಾನು ಕೋಪ ಮಾಡಿಕೊಳ್ಳುವುದಿಲ್ಲ.

ನನ್ನ ಕೋಪ ಕಾರಿನ ಮುಂದಿನ ಎಡಗಡೆ ಕಿಟಕಿಯ ಮೇಲೆ. ಅದು ಯಾವಾಗಲೂ ಇಳಿದೇ ಇರುತ್ತದೆ. ಭಾವ ದಾರಿ ಕೇಳಬೇಕಲ್ಲ.

ಭಾವ ನನ್ನ ಅಕ್ಕನ ಯಜಮಾನರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಒಳ್ಳೆಯ ಮನುಷ್ಯ. ಆದರೆ ಅವರಿಗೆ ಮ್ಯಾಪ್ ಮೇಲೆ ನಂಬಿಕೆಯಿಲ್ಲ. ಫೋನಿನಲ್ಲಿ ಮಾತಾಡುವ ಹೆಂಗಸು ಪಾಂಡವಪುರವನ್ನು 'ಪ್ಯಾಂಡವಪೂರ' ಅಂದ ಕೂಡಲೇ, "ಹೆಸರೇ ಹೇಳೋಕೆ ಬರಲ್ಲ, ಈಯಮ್ಮ ದಾರಿ ಏನು ತೋರಿಸ್ತಾಳೆ" ಅಂತ ಅವಳ ಬಾಯಿ ಮುಚ್ಚಿಸುತ್ತಾರೆ. ಬೋರ್ಡುಗಳ ಮೇಲೂ ನಂಬಿಕೆಯಿಲ್ಲ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ, ಆಗ ನೋಡಲು ಹೋಗಿದ್ದೆವು. ಬನ್ನೂರು ದಾಟಿದ ಮೇಲೆ 'ಸೋಮನಾಥಪುರ' ಅಂತ ದೊಡ್ಡದಾಗಿ ಬರೆದ ಬೋರ್ಡಿನ ಕೆಳಗೇ ಕಾರು ನಿಲ್ಲಿಸಿದ ಭಾವ, ಅದರ ನೆರಳಲ್ಲಿ ಕೂತಿದ್ದ ಅಜ್ಜನನ್ನು "ಸೋಮನಾಥಪುರಕ್ಕೆ ಹಿಂಗೇನಾ?" ಅಂದರು. ಅಜ್ಜ ತಲೆಯೆತ್ತಿ ಬೋರ್ಡ್ ನೋಡಿ, ಭಾವನ ಮುಖ ನೋಡಿ, ಪಾಪ ಓದು ಬರಲ್ಲವೇನೋ ಅಂದುಕೊಂಡು ಬಹಳ ನಿಧಾನವಾಗಿ ಬಿಡಿಸಿ ಹೇಳಿದರು.

ಒಬ್ಬರನ್ನು ಕೇಳಿ ಸುಮ್ಮನಾಗುವವರೂ ಅಲ್ಲ. ಮೂರು ಜನ ಒಂದೇ ಮಾತು ಹೇಳಬೇಕು. ಇಬ್ಬರು ಎಡ, ಒಬ್ಬ ಬಲ ಅಂದರೆ ಲೆಕ್ಕ ಮೊದಲಿನಿಂದ ಶುರು. ನಮ್ಮ ಕಡೆ ಜನ 'ಗೊತ್ತಿಲ್ಲ' ಅನ್ನುವುದು ಕಷ್ಟ. ಬೇರೆ ಜಿಲ್ಲೆಯವನಾದರೂ ಕೈ ಎತ್ತಿ ಒಂದು ದಿಕ್ಕು ತೋರಿಸಿಯೇ ತೋರಿಸುತ್ತಾನೆ.

ನಿನ್ನೆಯ ಸವಾರಿ ಮೇಲುಕೋಟೆಗೆ. ಮೈಸೂರಿಂದ 50 ಕಿಲೋಮೀಟರ್ ಆಸುಪಾಸು. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಆಮೇಲೆ ಗುಡ್ಡ ಹತ್ತುವುದು. ಕಳೆದುಹೋಗಲು ಶ್ರಮ ಪಡಬೇಕಾದ ದಾರಿ. ಭಾವ ಶ್ರಮ ಪಟ್ಟರು.

ಪಾಂಡವಪುರ ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಬದಿಯಲ್ಲಿ ಒಬ್ಬ ಯಜಮಾನ ಮೂಟೆಯ ಪಕ್ಕ ನಿಂತಿದ್ದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು, ನಾನು ನಿಧಾನ ಮಾಡಿದೆ. ಅಷ್ಟು ಸಾಕಾಯಿತು.

"ಯಜಮಾನ್ರೇ, ಮೇಲುಕೋಟೆಗೆ ಹಿಂಗೇನಾ?"

ಆತ ಕಾರನ್ನು ನೋಡಿದ. ಹಿಂದಿನ ಸೀಟಿನಲ್ಲಿ ಅಕ್ಕನಿಗೂ ನನ್ನ ಹೆಂಡತಿಗೂ ನಡುವೆ ಇದ್ದ ಜಾಗ ನೋಡಿದ. ತನ್ನ ಮೂಟೆ ನೋಡಿದ.

"ಅಯ್ಯೋ ಸಾ, ಹಿಂಗೋದ್ರೆ ಆಗಕಿಲ್ಲ. ರೋಡ್ ಕಿತ್ತಾಕವ್ರೆ. ತಡೀರಿ, ನಾನೇ ಬಂದು ತೋರುಸ್ತೀನಿ."

ಭಾವನ ಮುಖ ಅರಳಿತು. "ನೋಡು, ಎಂಥ ಜನ!" ಅಂತ ನನಗೆ ಹೇಳಿ, ತಾವೇ ಇಳಿದು ಡಿಕ್ಕಿ ತೆಗೆದು, ಮೂಟೆಯ ಒಂದು ತುದಿ ಹಿಡಿದರು. ಮೂಟೆಯ ಇನ್ನೊಂದು ತುದಿಯಲ್ಲಿ ತೂತಿತ್ತು. ಅಕ್ಕ ಹಿಂದಿನಿಂದ ಮುಂದಿನ ಸೀಟಿಗೆ ಬಂದಳು. ಭಾವ ಯಜಮಾನನ ಪಕ್ಕ ಕೂತರು. ಎಡಕ್ಕೆ ತಿರುಗಿಸಿದೆ. ಬಲಕ್ಕೆ ತಿರುಗಿಸಿದೆ. ಟಾರು ಹೋಗಿ ಮಣ್ಣು ಬಂತು. ಒಂದು ಕಡೆ ಕೋಳಿಗಳಿಗೆ ದಾರಿ ಬಿಟ್ಟೆವು. ಹಿಂದಿನ ಸೀಟಿನಲ್ಲಿ ಹಸು ಎಷ್ಟು ಲೀಟರ್ ಕೊಡುತ್ತದೆ, ಡೇರಿಯಲ್ಲಿ ಎಷ್ಟು ಸಿಗುತ್ತದೆ ಅಂತ ಮಾತು ನಡೆದಿತ್ತು. ಬಾಯಿ ಮುಚ್ಚಿಸಿದ್ದ ಫೋನು ಪರದೆಯ ಮೇಲೆ ಒಂದೇ ಸಮನೆ ವಾಪಸ್ ತಿರುಗು ಅಂತ ಬಾಣ ತೋರಿಸುತ್ತಿತ್ತು.

ಹೆಂಚಿನ ಮನೆಯೊಂದರ ಮುಂದೆ ಯಜಮಾನ, "ಇಲ್ಲೇ ಸಾ, ನಿಲ್ಸಿ" ಅಂದ.

ಮೂಟೆ ಇಳಿಯಿತು, ತೂತಿನಿಂದ ಸುರಿದಷ್ಟನ್ನು ನಮಗೆ ಬಿಟ್ಟು. "ಮೇಲುಕೋಟೆ?" ಅಂತ ಕೇಳಿದೆ, ಹಲ್ಲು ಕಚ್ಚಿಕೊಂಡು.

"ಬಂದಿದ್ ದಾರೀಲೇ ವಾಪಸ್ ಓಗಿ ಸಾ. ನಾನು ನಿಂತಿದ್ನಲ್ಲ, ಅಲ್ಲಿಂದ ಸೀದಾ. ಬೋರ್ಡೇ ಐತೆ."

ಅಷ್ಟು ಸಾಲದು ಅಂತ ಭಾವ ಆತನ ಹೆಂಡತಿಯನ್ನೂ ಒಂದು ಮಾತು ಕೇಳಿದರು, "ಹೌದೇನಮ್ಮಾ, ವಾಪಸ್ಸೇ ಹೋಗ್ಬೇಕಾ?" ಆಯಮ್ಮ ಹೌದು ಅಂದು ಒಳಗೆ ಹೋಗಿ ನಮಗೆಲ್ಲ ಮಜ್ಜಿಗೆ ತಂದುಕೊಟ್ಟರು. ಕೊತ್ತಂಬರಿ, ಶುಂಠಿ ಹಾಕಿದ ತಣ್ಣನೆ ಮಜ್ಜಿಗೆ. ಭಾವ ಲೋಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನಿನ್ನ ಮ್ಯಾಪ್ ಮಜ್ಜಿಗೆ ಕೊಡುತ್ತಾ?"

ನನಗೆ ಉತ್ತರ ಹೊಳೆಯಲಿಲ್ಲ. ಅದೇ ಇನ್ನೂ ಉರಿಯುತ್ತಿರುವುದು.

12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಶ್ರೀರಂಗದಿಂದ ಇದೇ ಸೀಮೆಗೆ ಬಂದರು. ತೊಣ್ಣೂರಿನಲ್ಲಿ ಇದ್ದರು, ಮೇಲುಕೋಟೆಗೆ ಹೋದರು, ಚೆಲುವಪಿಳ್ಳೆಯ ಮೂರ್ತಿಯನ್ನು ತರಲು ದೆಹಲಿಗೂ ಹೋಗಿಬಂದರು ಅನ್ನುತ್ತದೆ ಐತಿಹ್ಯ. ಕಾರಿಲ್ಲ, ಬೋರ್ಡಿಲ್ಲ. ಕೇಳಿಕೊಂಡೇ ಹೋಗಿರಬೇಕು, ನಿಜ. ಆದರೆ ದಾರಿಯಲ್ಲಿ ಬೂಸಾ ಇಳಿಸಿದರು ಅಂತ ಎಲ್ಲೂ ಓದಿಲ್ಲ.

ಜಕ್ಕನಹಳ್ಳಿ ಕ್ರಾಸಿನಲ್ಲಿ ಮತ್ತೆ ಕಿಟಕಿ ಇಳಿಯಿತು. ಬೈಕಿನ ಮೇಲೆ ಕೂತಿದ್ದ ಹುಡುಗ ಕಿವಿಯಿಂದ ಇಯರ್‌ಫೋನನ್ನೂ ತೆಗೆಯಲಿಲ್ಲ. "ಲೊಕೇಶನ್ ಹಾಕ್ಕೊಳ್ಳಿ ಅಂಕಲ್" ಅಂದ. ಭಾವ ಏನೂ ಹೇಳದೆ ಕಿಟಕಿ ಏರಿಸಿದರು. ನಾನು ಬೆಳಿಗ್ಗೆಯಿಂದ ಕಾಯುತ್ತಿದ್ದ ಏಸಿಯ ಗಾಳಿ ಕೊನೆಗೂ ಬಂತು. ಯಾಕೋ ಹಿತವಾಗಲಿಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಕೆಂಪು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಇಳಿದ ಕಡೆ ಅರಳಿಕಟ್ಟೆಯಲ್ಲಿ ದಾರಿ ಕೇಳಿದರೆ ಮೊದಲು ಯಾವೂರು, ಯಾರ ಪೈಕಿ, ಊಟ ಆಯ್ತಾ ಅಂತ ಅವರೇ ಕೇಳುತ್ತಿದ್ದರು. ದಾರಿ ಆಮೇಲೆ. ಈಗ ಕಟ್ಟೆಯಿದೆ, ಕೂತವರೂ ಇದ್ದಾರೆ, ಎಲ್ಲರ ತಲೆಯೂ ಬಗ್ಗಿದೆ.

ಮೇಲುಕೋಟೆ ಮುಟ್ಟುವಷ್ಟರಲ್ಲಿ ಚೆಲುವನಾರಾಯಣಸ್ವಾಮಿ ಗುಡಿಯ ಬಾಗಿಲು ಹಾಕಿತ್ತು. ಇನ್ನು ಸಂಜೆಗೇ. ಕಲ್ಯಾಣಿ ಮೆಟ್ಟಿಲ ಮೇಲೆ ಚಿತ್ರಾನ್ನ ಬಿಚ್ಚಿದೆವು. ಮುಚ್ಚಳವಿಲ್ಲದ ಡಬ್ಬಿಯ ಲಾಭ ಕೋತಿಗೆ ಆಯಿತು. ಹೊತ್ತು ಹೋಗಲಿ ಅಂತ ರಾಯಗೋಪುರ ನೋಡಲು ಹೋದೆವು. ಎತ್ತರದ ಕಂಬಗಳಷ್ಟೇ ನಿಂತಿವೆ, ಗೋಪುರ ಮುಗಿದೇ ಇಲ್ಲ. "ಕಟ್ಟೋರು ಯಾರನ್ನೋ ದಾರಿ ಕೇಳೋಕೆ ಹೋಗಿರ್ಬೇಕು" ಅಂದಳು ನನ್ನ ಹೆಂಡತಿ. ಅಕ್ಕ ನಕ್ಕಳು. ಭಾವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು.

ಸಂಜೆ ಗುಡಿಯ ಹತ್ತಿರ ಉದ್ದ ಸಾಲಿತ್ತು. ನಿಂತೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಭಾವ ಮುಂದಿದ್ದವರ ಭುಜ ತಟ್ಟಿ, "ಇದು ದರ್ಶನದ ಸಾಲೇ ಅಲ್ವಾ?" ಅಂದರು.

"ಅಲ್ಲ ಸಾರ್, ಪುಳಿಯೋಗರೆದು."

ಒಬ್ಬರ ಮಾತು ಎಲ್ಲಿ ಸಾಕು. ಇನ್ನಿಬ್ಬರನ್ನು ಕೇಳಿಬರಲು ಭಾವ ಸಾಲಿನ ತುದಿಯ ಕಡೆ ಹೊರಟರು. ಅವರು ವಾಪಸ್ ಬರುವಷ್ಟರಲ್ಲಿ ನಮ್ಮ ಸರದಿ ಬಂತು. ನಾಲ್ಕು ಪೊಟ್ಟಣ ತಗೊಂಡೆ.