ಬ್ರೇಕ್ ಒತ್ತಿದರೆ ಕೂಗುವ ಜೀರುಂಡೆ

ಮಲೆನಾಡಿನವರ ಕಿವಿಗೆ ಜೀರುಂಡೆ ಒಂದು ಲೆಕ್ಕವೇ ಅಲ್ಲ. ಮಳೆ ಹೊಳವಾದರೆ ಸಾಕು, ಕಾಡೆಲ್ಲ ಜೀ ಅನ್ನುತ್ತದೆ. ನಾವು ನಮ್ಮ ಪಾಡಿಗೆ ಇರುತ್ತೇವೆ. ಹಾಗಾಗಿ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ಎಡಗಡೆಯಿಂದ 'ಕೀ...' ಅಂತ ಸದ್ದು ಬಂದಾಗ ನಾನು ಕಿಟಕಿಯ ಗಾಜು ಏರಿಸಿದೆ, ಅಷ್ಟೆ.

ಹಿಂದೆ ಕೂತಿದ್ದ ಅಮ್ಮ ಬಿಡಲಿಲ್ಲ. "ಎಂಥ ಜೀರುಂಡೆನೋ ಇದು? ಶಿವಮೊಗ್ಗ ಬಸ್‌ಸ್ಟ್ಯಾಂಡ್ ಹತ್ರಾನೂ ಕೂಗ್ತಿತ್ತು. ನೀನು ಬ್ರೇಕ್ ಒತ್ತಿದಾಗ ಮಾತ್ರ ಕೂಗುತ್ತೆ, ನೋಡು."

ಅಮ್ಮ ಈವರೆಗೆ ಸ್ಟೇರಿಂಗ್ ಮುಟ್ಟಿದವಳಲ್ಲ.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ರಾತ್ರಿ ಮಳೆಗೆ, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದಿರುತ್ತದೆ, ಬೆಳಗ್ಗೆ ಹಾಗೇ ಸದ್ದು ಬರುತ್ತದೆ ಅಂದೆ. ಸುಳ್ಳೇನಲ್ಲ. ಆದರೆ ಆ ಸದ್ದು ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಹೋಗಿಬಿಡುತ್ತದೆ. ಇದು ನಾಲ್ಕು ವಾರದಿಂದ ಇತ್ತು. ಮುಂದೆ ಆಗುಂಬೆ ಘಾಟಿ, 14 ತಿರುವು. ಹೆಬ್ರಿಯ ಮದುವೆಗೆ ಬಸ್ಸಿನಲ್ಲೇ ಹೋಗೋಣ ಅಂತ ಅಮ್ಮ ಹಟ ಹಿಡಿದಳು. ಕಾರನ್ನು ಆಗುಂಬೆಯಲ್ಲೇ ಬಿಟ್ಟೆವು.

ಮರುದಿನ ಗ್ಯಾರೇಜಿನ ಹುಡುಗ ಚಕ್ರ ಬಿಚ್ಚಿದ. "ನಾನು ರಿಮ್ ಸಂದಿಯಲ್ಲಿ ಇಣುಕಿ ನೋಡಿದ್ದೆ ಮಾರಾಯ, ಬ್ರೇಕ್ ಪ್ಯಾಡು ಚೆನ್ನಾಗಿಯೇ ಇತ್ತು" ಅಂದೆ. "ನೀವು ನೋಡಿದ್ದು ಹೊರಗಿಂದು ಸಾರ್. ಇದು ಒಳಗಿಂದು" ಅಂತ ಇನ್ನೊಂದನ್ನು ಕೈಗೆ ಕೊಟ್ಟ. ಡಿಸ್ಕನ್ನು ಒತ್ತಿ ಹಿಡಿದು ಚಕ್ರ ನಿಲ್ಲಿಸುವ, ಹೊಸದಿದ್ದಾಗ 10 ಮಿಲಿಮೀಟರ್‌ನಷ್ಟು ದಪ್ಪ ಇರುವ ಸರಕು ಹಲಸಿನ ಹಪ್ಪಳದಷ್ಟು ತೆಳ್ಳಗಾಗಿತ್ತು. 3 ಮಿಲಿಮೀಟರ್‌ಗೆ ಬಂತೆಂದರೆ ಬದಲಿಸಬೇಕು. ಅದರ ಅಂಚಿಗೆ ಸಣ್ಣ ತಗಡಿನ ನಾಲಿಗೆಯೊಂದಿತ್ತು. ಪ್ಯಾಡು ಸವೆದ ಮೇಲೆ ಡಿಸ್ಕಿಗೆ ಉಜ್ಜಿ ಕಿರುಚಲಿ ಅಂತಲೇ ಇಟ್ಟದ್ದು. ಎಲ್ಲ ಪ್ಯಾಡಿಗೂ ಇರುವುದಿಲ್ಲವಂತೆ. ಪಾಪ, ಅದು ತಿಂಗಳಿಂದ ತನ್ನ ಕೆಲಸ ಮಾಡುತ್ತಲೇ ಇತ್ತು. ಇನ್ನೂ ತಡಮಾಡಿದ್ದರೆ ಕೀ ಹೋಗಿ ಗರಗರ ಬರುತ್ತಿತ್ತು. ಆಗ ಕಬ್ಬಿಣಕ್ಕೆ ಕಬ್ಬಿಣ. ಪ್ಯಾಡಿನ ಜೊತೆ ಡಿಸ್ಕಿಗೂ ದುಡ್ಡು.

ಅಲ್ಲಿಗೇ ಮುಗಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಹೊಸ ಪ್ಯಾಡು ಹಾಕಲು ಹುಡುಗ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿದ್ದೇ ತಡ, ಬಾನೆಟ್ಟಿನೊಳಗೆ ಬ್ರೇಕ್ ಆಯಿಲ್ ಉಕ್ಕಿತು. "ಯಾರು ಸಾರ್ ಇಷ್ಟು ಹಾಕಿದ್ದು?" ಅಂದ. ನಾನೇ. ಡಬ್ಬದಲ್ಲಿ ಮಟ್ಟ ಇಳಿದದ್ದು ನೋಡಿ, ಬಹಳ ತಿಳಿದವನ ಹಾಗೆ ಗೆರೆವರೆಗೆ ತುಂಬಿಸಿದ್ದೆ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಆಯಿಲ್ ಅದರ ಹಿಂದೆ ಹೋಗುತ್ತದೆ, ಮಟ್ಟ ಇಳಿಯುತ್ತದೆ. ಅದೂ ಒಂದು ಸೂಚನೆಯೇ. ನಾನು ಅದರ ಬಾಯಿಗೆ ಆಯಿಲ್ ಸುರಿದು ಸುಮ್ಮನಾಗಿಸಿದ್ದೆ.

ಇದನ್ನು ಅಮ್ಮನಿಗೆ ಹೇಳಿಲ್ಲ.

ಈಗ ಕಾರು ಸದ್ದಿಲ್ಲದೆ ನಿಲ್ಲುತ್ತದೆ. ಆದರೂ ಮೊನ್ನೆ ಆಗುಂಬೆ ಹತ್ತಿರ ಕಾಡಿನಲ್ಲಿ ನಿಜವಾದ ಜೀರುಂಡೆ ಕೂಗಿತು. ಸುಮ್ನೆ ಒಮ್ಮೆ ಬ್ರೇಕ್ ಒತ್ತಿ ನೋಡಿದೆ. ಹಿಂದಿದ್ದ ಬಸ್ಸಿನವನು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದ.