ಬಾಗಿಲು ಅನ್ನು ಮರೆಯಬೇಡಿ

ಇದು ನನ್ನ ಫೋನ್ ನನಗೆ ಹೇಳಿದ ಮಾತು. ರಾತ್ರಿ ಎರಡೂವರೆಗೆ. ಹೇಳಿಸಿದವನೂ ನಾನೇ.

ರೂಮಿನ ಬಾಗಿಲು ತೆಗೆದಾಗಲೆಲ್ಲ ಕಿರ್ರ್ ಅನ್ನುತ್ತಿತ್ತು. ಕೀಲುಗಳಿಗೆ ಎರಡು ಹನಿ ಎಣ್ಣೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಟು-ಡು ಆ್ಯಪಿನಲ್ಲಿ ‘ಬಾಗಿಲು’ ಅಂತ ಬರೆದಿಟ್ಟೆ. ಬರೆದ ಕೂಡಲೇ ಅರ್ಧ ಕೆಲಸ ಆಯಿತು ಅನ್ನಿಸಿ ಹಾಯಾಗಿ ಕೂತೆ. ಮುಗಿಯದ ಕೆಲಸ ಮುಗಿದದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದರು. ಇರಬಹುದು. ಅವರ ಕಾಲದಲ್ಲಿ ಆ್ಯಪ್ ಇರಲಿಲ್ಲ. ಒಂದು ಸಲ ಅದರಲ್ಲಿ ಬರೆದಿಟ್ಟರೆ ನೆನಪಿಟ್ಟುಕೊಳ್ಳುವುದು ಅದರ ಪಾಡು, ಮರೆಯುವುದು ನನ್ನ ಹಕ್ಕು.

ಆ್ಯಪ್ ತಾನಾಗಿಯೇ ನೆನಪಿಸುತ್ತದಲ್ಲ ಅಂತ ಕೇಳಬೇಡಿ. ನೆನಪಿಸುತ್ತದೆ, ಒಂದೇ ಸಲ. ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಬೇಜಾರು ಮಾಡಿಕೊಂಡವರ ಹಾಗೆ ಸುಮ್ಮನಾಗಿಬಿಡುತ್ತದೆ. ನನಗೆ ಬೇಕಾಗಿದ್ದು ಬಿಡದೆ ಕಾಡುವಂಥದ್ದು. ಕೆಲಸ ಹಳೆಯದಾದಷ್ಟೂ ಜಾಸ್ತಿ ಕಾಡಬೇಕು. ಅದಕ್ಕೆ, ಹೆಚ್ಚು ಕೋಡ್ ಬರೆಯದೆ ಆ್ಯಪ್‌ಗಳ ಕೆಲಸ ತಾನಾಗಿಯೇ ನಡೆಯುವ ಹಾಗೆ ಜೋಡಿಸುವ ಲೋ-ಕೋಡ್ ಟೂಲ್‌ಗಳಿವೆ ಅಂತ ಗೊತ್ತಾಯಿತು. ಝೇಪಿಯರ್, ಮೇಕ್, ಎನ್ಏಟ್ಎನ್, ‘ಇಫ್ ದಿಸ್ ದೆನ್ ದಟ್’ ಅನ್ನುವುದನ್ನು ಚಿಕ್ಕದು ಮಾಡಿದ ಐಎಫ್‌ಟಿಟಿಟಿ. ಈ ಕೊನೆಯ ಹೆಸರು ಕನ್ನಡದವನಿಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ನಮ್ಮಲ್ಲಿ ಇಷ್ಟೆಲ್ಲ ಕೆಲಸವನ್ನು ‘ರೆ’ ಎಂಬ ಒಂದೇ ಅಕ್ಷರ ಮಾಡುತ್ತದೆ. ಬಂದರೆ ಕೊಡು. ಆಯಿತು.

ನಾನು ಹಿಡಿದದ್ದು ಇವುಗಳಲ್ಲಿ ಒಂದೋ, ಬೇರೆಯದೋ, ಅದು ಬಿಡಿ. ಕೋಡ್ ಬರೆಯಬೇಕಾಗಿಲ್ಲ, ಡಬ್ಬಿಗಳನ್ನು ಎಳೆದು ತಂದು ಗೆರೆಯಿಂದ ಜೋಡಿಸಿದರೆ ಸಾಕು ಅಂದರು. ಜೋಡಿಸಿದೆ. ಎಷ್ಟು ಹೊತ್ತಿಗೆ ಹೇಳಬೇಕು ಅನ್ನುವ ಡಬ್ಬಿ ‘0 21 * * *’ ಅಂತ ಬರೆಯಲು ಹೇಳಿತು. ಇದು ಕ್ರಾನ್ ಅಂತ, ಯಾವ ಹೊತ್ತಿಗೆ ಕೆಲಸ ಮಾಡಬೇಕು ಅಂತ ಕಂಪ್ಯೂಟರಿಗೆ ಹೇಳುವ, 1970ರ ದಶಕದ ಯುನಿಕ್ಸ್ ಕಾಲದ ಬರಹ. ಇದು ಕೋಡ್ ಅಲ್ಲವಂತೆ! ಸರಿ, ರಾತ್ರಿ ಒಂಬತ್ತಕ್ಕೆ ಅಂತ ಬರೆದೆ. ಅದರ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಓಡುತ್ತಿತ್ತು. ಅದಕ್ಕೇ ಎರಡೂವರೆ. ಇನ್ನೊಂದು ದಿನ ‘ಕೆಲಸದಲ್ಲಿ ಏನಾದರೂ ಬದಲಾದರೆ ನೋಟಿಫಿಕೇಶನ್ ಕಳಿಸು, ಕಳಿಸಿದ ಮೇಲೆ ಕೆಲಸದ ಪಕ್ಕದಲ್ಲಿ ಕಳಿಸಿದೆ ಅಂತ ಗುರುತು ಹಾಕು’ ಅಂದೆ. ಗುರುತು ಹಾಕುವುದೂ ಬದಲಾವಣೆಯೇ ಅಲ್ವಾ. ಮತ್ತೆ ಕಳಿಸಿತು, ಮತ್ತೆ ಗುರುತು, ಮತ್ತೆ ಟಿಂಗ್. ಟೂಲ್ ಒಂದು ಸಲ ಕೆಲಸ ಮಾಡಿದರೆ ಒಂದು ಓಟ. ತಿಂಗಳಿಗೆ ಇಷ್ಟೇ ಅಂತ ಪುಕ್ಕಟೆ ಕೊಟ್ಟಿದ್ದ ಓಟಗಳೆಲ್ಲ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಖಾಲಿ.

ಇವೆಲ್ಲ ಸಣ್ಣಪುಟ್ಟ ವಿಷಯ, ಎಲ್ಲರಿಗೂ ಆಗುತ್ತದೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ‘ಅನ್ನು’ ಮೇಲೆ.

ಟೂಲ್‌ನಲ್ಲಿ ನೋಟಿಫಿಕೇಶನ್ನಿನ ವಾಕ್ಯವನ್ನು ಮೊದಲೇ ಬರೆದಿಡಬೇಕು, ಕೆಲಸದ ಹೆಸರು ಬರುವ ಕಡೆ ಒಂದು ಖಾಲಿ ಜಾಗ ಬಿಡಬೇಕು. ಇಂಗ್ಲಿಷಿನವರಿಗೆ ತೊಂದರೆಯಿಲ್ಲ. ಅವರ ಪದಗಳು ಒಬ್ಬರ ಮೈ ಒಬ್ಬರಿಗೆ ತಾಗದ ಹಾಗೆ ಸಾಲಾಗಿ ನಿಲ್ಲುತ್ತವೆ. ನಮ್ಮ ಪದ ಪಕ್ಕದವರ ಕೈ ಹಿಡಿಯದೆ ನಿಲ್ಲುವುದೇ ಇಲ್ಲ. ‘ಬಾಗಿಲು’ ಮತ್ತು ‘ಅನ್ನು’ ಸೇರಿದರೆ ‘ಬಾಗಿಲನ್ನು’. ಎರಡನೇ ತರಗತಿಯ ಮಗು ಕೂಡ ಹಾಗೇ ಹೇಳುತ್ತದೆ. ಆದರೆ ಈಗ ಕನ್ನಡದಲ್ಲಿ ಸಿಗುವ ಎಷ್ಟೋ ಆ್ಯಪ್‌ಗಳನ್ನು ನೋಡಿ, ಈ ‘ಅನ್ನು’ ಅನಾಥನ ಹಾಗೆ ಒಂದು ಕಡೆ ಒಂಟಿಯಾಗಿ ನಿಂತಿರುತ್ತದೆ. ಸಂದೇಶ ಅನ್ನು ಕಳುಹಿಸಿ. ಫೋಟೋ ಅನ್ನು ಸೇರಿಸಿ. ಓದಿ ಓದಿ ನಮಗೂ ಅಭ್ಯಾಸವಾಗಿದೆ. ಮೊನ್ನೆ ಒಬ್ಬರು ಮಾತಾಡುವಾಗಲೇ ‘ಫೈಲ್... ಅನ್ನು’ ಅಂತ ನಡುವೆ ಉಸಿರು ತೆಗೆದುಕೊಂಡರು. ನನಗೆ ಎದ್ದುಹೋಗಬೇಕು ಅನ್ನಿಸಿತು.

ಎದ್ದುಹೋಗಲಿಲ್ಲ. ಮನೆಗೆ ಬಂದು ಸರಿ ಮಾಡಲು ಕೂತೆ.

ಮೊದಲ ಡಬ್ಬಿ: ಹೆಸರು ಉಕಾರದಲ್ಲಿ ಮುಗಿದರೆ ಆ ಉಕಾರ ಕಿತ್ತು ‘ಅನ್ನು’ ಅಂಟಿಸು. ಶಾಲೆಯಲ್ಲಿ ಕಲಿತ ಲೋಪಸಂಧಿ. ಬಾಗಿಲನ್ನು. ಭೇಷ್. ಎರಡನೆಯ ಡಬ್ಬಿ: ಇ, ಎ ಬಂದರೆ ನಡುವೆ ‘ಯ’. ಮನೆಯನ್ನು. ಮೂರನೆಯದು: ಅಕಾರ ಬಂದರೆ ‘ವ’. ಇಲ್ಲಿ ಒಂದು ಮಜಾ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಉಕಾರದ ಕೊಂಬಿಗೆ, ಇಕಾರದ ಗುಡಿಸಿಗೆ ಬೇರೆ ಬೇರೆ ಗುರುತಿದೆ, ಅಕಾರಕ್ಕೆ ಇಲ್ಲ. ಅದು ವ್ಯಂಜನದೊಳಗೇ ಅಡಗಿ ಕೂತಿರುತ್ತದೆ. ಹಾಗಾಗಿ ‘ಮರ’ದ ಕೊನೆಯ ಅಕಾರ ಹಿಡಿಯಬೇಕಾದರೆ ಅಲ್ಲಿ ಬೇರೆ ಏನೂ ಇಲ್ಲ ಅಂತ ನೋಡಬೇಕು. ಇದನ್ನು ಡಬ್ಬಿಗೆ ಅರ್ಥ ಮಾಡಿಸಲು ಒಂದು ಭಾನುವಾರ ಹೋಯಿತು.

ಆಮೇಲೆ ಇಂಗ್ಲಿಷ್ ಪದಗಳು. ನನ್ನ ಪಟ್ಟಿಯಲ್ಲಿ ಅರ್ಧ ಅವೇ. ‘ಬಿಲ್’ ಬಂದರೆ ‘ಬಿಲ್ಲನ್ನು’, ‘ಬಸ್’ ಬಂದರೆ ‘ಬಸ್ಸನ್ನು’. ಆದರೆ ‘ಕಾರ್’ ಬಂದರೆ ‘ಕಾರನ್ನು’, ಯಾರೂ ‘ಕಾರ್ರನ್ನು’ ಅನ್ನುವುದಿಲ್ಲ. ಯಾಕೆ? ಊಟದ ಮೇಜಿನ ಮುಂದೆ ಕೂತು ಪೆನ್ನು, ಪಿನ್ನು, ಫೋನು, ಲೈಟು, ಬೈಕು ಅಂತ ಗೊಣಗುತ್ತಾ ಇದ್ದೆ. ಹಿಂದಿನ ಸ್ವರ ಗಿಡ್ಡವಾಗಿದ್ದರೆ ಕೊನೆಯ ಅಕ್ಷರ ಎರಡಾಗುತ್ತದೆ, ಉದ್ದವಾಗಿದ್ದರೆ ಇಲ್ಲ! ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆ, ಈ ನಿಯಮ ನನಗೆ ಗೊತ್ತಿರುವುದು ನನಗೇ ಗೊತ್ತಿರಲಿಲ್ಲ. ಖುಷಿಗೆ ಹೆಂಡತಿಯನ್ನು ಕರೆದು ಹೇಳಿದೆ. “ಓ” ಅಂದಳು.

ಅಷ್ಟರಲ್ಲಿ ‘ಮಗು’ ಬಂತು. ಉಕಾರ ಕಿತ್ತರೆ ‘ಮಗನ್ನು’. ಅದು ಮಗುವೂ ಅಲ್ಲ, ಮಗನೂ ಅಲ್ಲ. ಮಗು, ಗುರು, ಹಸು ಇವುಗಳ ಉಕಾರವನ್ನು ಮುಟ್ಟಬಾರದು, ಅವಕ್ಕೂ ‘ವ’ ಕೊಡಬೇಕು. ಅವಕ್ಕೇ ಒಂದು ಬೇರೆ ಪಟ್ಟಿ ಮಾಡಿದೆ. ಟು-ಡು ಪಟ್ಟಿಗೆ ಇನ್ನೊಂದು ಪಟ್ಟಿ ಮರಿ ಹಾಕಿದ್ದು ಹೀಗೆ. ಅಣ್ಣನಿಗೆ ಫೋನ್ ಮಾಡಬೇಕು ಅಂತ ‘ಅಣ್ಣ’ ಅಂದಷ್ಟೇ ಬರೆದಿದ್ದೆ, ಸಂಜೆ “ಅಣ್ಣವನ್ನು ಮರೆಯಬೇಡಿ” ಅಂತ ಬಂತು. ಇದ್ದೊಬ್ಬ ಅಣ್ಣ ಮೇಜು ಕುರ್ಚಿಗಳ ಸಾಲಿಗೆ ಸೇರಿಹೋದ. ನಾಚಿಕೆಯಾಗಿ ಕೂಡಲೇ ಫೋನ್ ಮಾಡಿದೆ. ಏನು ವಿಶೇಷ ಅಂತ ಕೇಳಿದ. ಏನೂ ಇಲ್ಲ, ಸುಮ್ನೆ ಅಂದೆ.

ಜೊತೆಗೆ ಕೆಲಸ ಮಾಡುವವನೊಬ್ಬ ಇದನ್ನೆಲ್ಲ ಕೇಳಿ, “ಎರಡು ಚುಕ್ಕೆ ಇಟ್ಟುಬಿಡಿ ಸಾರ್. ಮರೆಯಬೇಡಿ, ಎರಡು ಚುಕ್ಕೆ, ಬಾಗಿಲು. ಯಾವ ಸಂಧಿಯೂ ಬೇಡ” ಅಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ಅವನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಎರಡು ಚುಕ್ಕೆ ಇಡುವುದು ಔಷಧಿ ಅಂಗಡಿಯವರು ಚೀಟಿ ಬರೆದ ಹಾಗೆ. ನನ್ನ ಮನೆಯಲ್ಲಿ, ನನ್ನ ಫೋನಿನಲ್ಲಿ, ನಾನೇ ನನಗೆ ಹೇಳಿಕೊಳ್ಳುವ ಮಾತಾದರೂ ಮಾತಿನ ಹಾಗಿರಲಿ ಅಂತ ಬಯಸುವುದು ತಪ್ಪೇ?

ಆ ಮಾತಿನಲ್ಲೂ ‘ಮರೆಯಬೇಡಿ’ಯೋ ‘ಮರೆಯಬೇಡ’ವೋ ಅಂತ ಇನ್ನೊಂದು ಜಗಳ. ‘ಬೇಡ’ ಅಂದರೆ ದುಡ್ಡು ಕೊಟ್ಟು ತಂದ ಫೋನಿನಿಂದ ಏಕವಚನದಲ್ಲಿ ಹೇಳಿಸಿಕೊಂಡ ಹಾಗೆ. ‘ಬೇಡಿ’ ಅಂದರೆ ಸಾಲ ವಸೂಲಿಗೆ ಬಂದವರ ಮರ್ಯಾದೆ. ‘ಮಾಡೋಣ’ ಅಂತ ಒಂದು ವಾರ ಇಟ್ಟು ನೋಡಿದೆ. ಫೋನೂ ಜೊತೆಗೆ ಬಂದು ಎಣ್ಣೆಯ ಡಬ್ಬಿ ಹಿಡಿದುಕೊಳ್ಳುತ್ತದೇನೋ ಅನ್ನುವ ಹಾಗಿತ್ತು. ತೆಗೆದೆ. ಈಗ ‘ಬೇಡಿ’ಯೇ ಇದೆ.

ಕೊನೆಗೊಂದು ದಿನ ರಾತ್ರಿ ಸರಿಯಾಗಿ ಒಂಬತ್ತಕ್ಕೆ ಟಿಂಗ್ ಅಂತು. “ಬಾಗಿಲನ್ನು ಮರೆಯಬೇಡಿ.” ಹೊತ್ತೂ ಸರಿ, ವಿಭಕ್ತಿಯೂ ಸರಿ. ಒಳಗೆ ಓಡಿಹೋಗಿ ಹೆಂಡತಿಗೆ ತೋರಿಸಿದೆ. ಓಡುವಾಗ ರೂಮಿನ ಬಾಗಿಲು ತಳ್ಳಿದೆನಲ್ಲ, ಅದು ಸದ್ದೇ ಮಾಡಲಿಲ್ಲ.

“ಇದು ಯಾವಾಗ ಸರಿಹೋಯ್ತು?”

“ಆಗಲೇ ಮೂರು ವಾರ ಆಯ್ತು. ನಾನೇ ಎಣ್ಣೆ ಬಿಟ್ಟೆ.”

“ಹೇಳಲೇ ಇಲ್ವಲ್ಲ ನೀನು?”

“ನಿಮ್ಮ ಫೋನ್ ಮೇಜಿನ ಮೇಲೆ ಬಿದ್ದುಕೊಂಡು ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ಬಾಗಿಲು ಅಂತ ಹೊಡ್ಕೊಳ್ತಿತ್ತು. ನಿಮಗೆ ಕೇಳಿಸ್ತಿತ್ತೋ ಇಲ್ವೋ, ನನಗಂತೂ ಕೇಳಿಸ್ತಿತ್ತು.”

ಪಟ್ಟಿಯಲ್ಲಿ ಬಾಗಿಲಿನ ಮುಂದೆ ನಾನಿನ್ನೂ ಟಿಕ್ ಹಾಕಿಲ್ಲ. ಲೋಪಸಂಧಿ ಪರೀಕ್ಷೆ ಮಾಡಲು ನನ್ನ ಹತ್ತಿರ ಇರುವ ಒಳ್ಳೆಯ ಪದ ಅದೊಂದೇ. ನಿನ್ನೆ ಹೊಸದಾಗಿ ‘ಕಿಟಕಿ’ ಅಂತ ಸೇರಿಸಿದೆ, ಅದರ ಚಿಲಕ ಸಡಿಲವಾಗಿದೆ. ಯಕಾರ ಸರಿಯಾಗಿ ಬರುತ್ತದೋ ನೋಡಬೇಕು. ಒಂಬತ್ತಾಗಲು ಇನ್ನು ಐದು ನಿಮಿಷ ಇದೆ. ಫೋನನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ಅವಳು ಕೂರುವ ಕಡೆಗೆ ತಿರುಗಿಸಿ.