ನಿರ್ವಹಣೆ ಜಂಟಿ, ನಷ್ಟ ಒಂಟಿ

ಹಿಮಕರಡಿಯನ್ನು ಉಳಿಸುವ ಕೆಲಸದಲ್ಲಿ ಅದನ್ನು ಬೇಟೆಯಾಡುವವರಿಗೇ ಸಮಪಾಲು ಕೊಡಬೇಕು ಎಂದರೆ ನಮ್ಮಲ್ಲಿ ಬಹಳ ಜನ ಮುಖ ಸಿಂಡರಿಸುತ್ತಾರೆ. ಅದು ಸಹಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಬೇಟೆ ಎಂದರೆ ಅಪರಾಧ, ಸಂರಕ್ಷಣೆ ಎಂದರೆ ಬೇಲಿ. ಆ ಕಣ್ಣಿನಿಂದ ಕೆನಡಾದ ಉತ್ತರವನ್ನು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಜಗತ್ತಿನಲ್ಲಿ ಇರುವ ಸುಮಾರು 26 ಸಾವಿರ ಹಿಮಕರಡಿಗಳಲ್ಲಿ ಮೂರನೇ ಎರಡು ಭಾಗ ಕೆನಡಾದಲ್ಲಿ ಅಥವಾ ಅದರ ಗಡಿಗೆ ಹೊಂದಿಕೊಂಡು ಬದುಕುತ್ತಿವೆ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನ ಕಾನೂನುಬದ್ಧವಾಗಿ ಅವುಗಳನ್ನು ಬೇಟೆಯಾಡುತ್ತಾರೆ, ಮಾಂಸ ತಿನ್ನುತ್ತಾರೆ, ಚರ್ಮ ಮಾರುತ್ತಾರೆ. 1973ರಲ್ಲಿ ಐದು ದೇಶಗಳು ಆಸ್ಲೋದಲ್ಲಿ ಸಹಿ ಹಾಕಿದ ಒಪ್ಪಂದವೂ ಸ್ಥಳೀಯರ ಸಾಂಪ್ರದಾಯಿಕ ಬೇಟೆಗೆ ಅವಕಾಶ ಇಟ್ಟಿತ್ತು.

ಕೆನಡಾದ ಉತ್ತರದ ನುನಾವುಟ್ ಪ್ರದೇಶದಲ್ಲಿ ಈ ಜಂಟಿ ನಿರ್ವಹಣೆಯ ಬೇರು ಇನುಯಿಟ್ ಜನ ಮತ್ತು ಸರ್ಕಾರದ ನಡುವಿನ 1993ರ ಭೂ ಒಪ್ಪಂದದಲ್ಲಿದೆ. ಅದರಿಂದ ಹುಟ್ಟಿದ ವನ್ಯಜೀವಿ ಮಂಡಳಿಯಲ್ಲಿ ಒಂಬತ್ತು ಜನ: ಇನುಯಿಟ್ ಸಂಸ್ಥೆಗಳ ಕಡೆಯಿಂದ ನಾಲ್ವರು, ಸರ್ಕಾರಗಳ ಕಡೆಯಿಂದ ನಾಲ್ವರು, ಮೇಲೊಬ್ಬ ಅಧ್ಯಕ್ಷ. ಯಾವ ಪ್ರದೇಶದಲ್ಲಿ ವರ್ಷಕ್ಕೆ ಎಷ್ಟು ಕರಡಿ ಹೊಡೆಯಬಹುದು ಎಂಬುದನ್ನು ಇದು ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ತಳ್ಳಿಹಾಕುವ ಇಲ್ಲವೇ ತಿದ್ದುವ ಅಧಿಕಾರ ಮಾತ್ರ ಮಂತ್ರಿಯ ಕೈಯಲ್ಲಿದೆ. ಊರೂರಿನ ಬೇಟೆಗಾರರ ಸಂಘಕ್ಕೆ ಇಷ್ಟು ಟ್ಯಾಗ್, ಅಂದರೆ ಒಂದೊಂದು ಕರಡಿ ಹೊಡೆಯುವ ಪರವಾನಗಿ, ಎಂದು ಬರುತ್ತದೆ. ಅದನ್ನು ಯಾರಿಗೆ ಕೊಡಬೇಕೆಂದು ಸಂಘವೇ ನಿರ್ಧರಿಸುತ್ತದೆ. ಹೊಡೆದವನು ಕರಡಿಯ ಲಿಂಗದ ಪುರಾವೆಯನ್ನೂ, ವಯಸ್ಸು ತಿಳಿಯಲು ಹಲ್ಲನ್ನೂ ಒಪ್ಪಿಸಬೇಕು. ಮನೆ ಬಾಗಿಲಿಗೆ ಬಂದ ಕರಡಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೂ ಅದು ಊರಿನ ಕೋಟಾದಲ್ಲೇ ಕಳೆಯುತ್ತದೆ. ಇಷ್ಟು ಕಟ್ಟುನಿಟ್ಟಾಗಿ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವ ಸಮುದಾಯವನ್ನು ಕಟುಕರೆಂದು ಕರೆಯುವ ಪೋಸ್ಟ್‌ಗಳನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ಈ ವ್ಯವಸ್ಥೆಯನ್ನು ಹೊಗಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನುನಾವುಟ್‌ನ ಮೆಕ್ಲಿಂಟಾಕ್ ಚಾನೆಲ್ ಎಂಬ ಸಮುದ್ರದ ಹರವಿನಲ್ಲಿ ನಡೆದದ್ದನ್ನೇ ನೋಡಿ. 1970ರ ದಶಕದ ಅಂದಾಜಿನ ಪ್ರಕಾರ ಅಲ್ಲಿ ಸುಮಾರು 900 ಕರಡಿಗಳಿದ್ದವು. ಮೊದಲಿನಷ್ಟು ಕಾಣಿಸುತ್ತಿಲ್ಲ ಎಂದು ಬೇಟೆಗಾರರೇ ಹೇಳಿದ್ದರಿಂದ ಆ ಸಂಖ್ಯೆಯನ್ನು 700ಕ್ಕೆ ಇಳಿಸಲಾಯಿತು. 2000ನೇ ಇಸವಿಯ ಹೊತ್ತಿಗೆ ಹೊಸ ಸಮೀಕ್ಷೆ ಬಂತು: 284. ಅಷ್ಟು ವರ್ಷ ಕೊಟ್ಟ ಟ್ಯಾಗುಗಳು ಇಲ್ಲದ ಕರಡಿಗಳ ಲೆಕ್ಕದ ಮೇಲೆ ನಿಂತಿದ್ದವು. 2001ರಲ್ಲಿ ಬೇಟೆ ಪೂರ್ತಿ ನಿಂತಿತು. ಕೆಲವು ವರ್ಷಗಳ ಬಳಿಕ ಬೆರಳೆಣಿಕೆಯ ಟ್ಯಾಗ್ ಕೊಟ್ಟರು, ಅಷ್ಟೆ. 2014ರಿಂದ 2016ರವರೆಗೆ ನಡೆದ ಸಮೀಕ್ಷೆಯಲ್ಲಿ 716 ಕರಡಿಗಳ ಅಂದಾಜು ಸಿಕ್ಕಿತು.

ಸಂರಕ್ಷಣೆಯ ಲೆಕ್ಕದಲ್ಲಿ ಇದು ದೊಡ್ಡ ಗೆಲುವು. ಆದರೆ ಬೆಲೆ ತೆತ್ತವರು ಯಾರು? ಆ ಚಾನೆಲ್‌ನಲ್ಲಿ ಬೇಟೆಯಾಡುತ್ತಿದ್ದ ಜೋವಾ ಹೇವನ್‌ನಂಥ ಪುಟ್ಟ ಊರಿನವರು. ವರ್ಷಗಟ್ಟಲೆ ಬೇಟೆ ಇಲ್ಲವೇ ಇಲ್ಲ ಎನ್ನುವಂತಾದರೆ ಊಟ, ಚರ್ಮದಿಂದ ಬರುವ ಹಣ, ಹೊರಗಿನ ಬೇಟೆಗಾರರಿಗೆ ದಾರಿ ತೋರಿಸಿ ಗಳಿಸುವ ಸಂಪಾದನೆ ಎಲ್ಲವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಂಜಿನ ಮೇಲೆ ಕರಡಿಯ ಜಾಡು ಹಿಡಿಯುವುದನ್ನು ಅಪ್ಪ ಮಗನಿಗೆ ಕಲಿಸುವ ಸಂದರ್ಭವೇ ಬರುವುದಿಲ್ಲ. ತಪ್ಪು ಅಂದಾಜು ಕೊಟ್ಟ ಕಚೇರಿಯಲ್ಲಿ ಯಾರ ಸಂಬಳವೂ ನಿಂತಿರಲಾರದು.

ಬೇಟೆಗಾರರು "ಕಡಿಮೆಯಾಗಿವೆ" ಎಂದಾಗ ಅದು ಸಾಂಪ್ರದಾಯಿಕ ಜ್ಞಾನ. "ಹೆಚ್ಚಾಗಿವೆ" ಎಂದಾಗ ಅದು ಸ್ವಾರ್ಥ. ಈ ಇಬ್ಬಗೆಯನ್ನು ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ಚೆನ್ನಾಗಿ ಕಾಣಬಹುದು. ಅರ್ವಿಯಾಟ್‌ನಂಥ ಊರುಗಳಲ್ಲಿ ಮನೆಗಳ ನಡುವೆಯೇ ಕರಡಿ ಓಡಾಡುತ್ತದೆ. 2018ರಲ್ಲಿ ನುನಾವುಟ್‌ನಲ್ಲಿ ಇಬ್ಬರು ಕರಡಿಯ ದಾಳಿಗೆ ಬಲಿಯಾದರು. ಅವರಲ್ಲಿ ಒಬ್ಬರು ತಮ್ಮ ಮಕ್ಕಳನ್ನು ಕಾಪಾಡಲು ಹೋದ ತಂದೆ. ಕರಡಿ ಜಾಸ್ತಿಯಾಗಿದೆ ಎಂದು ಊರಿನವರು ಹೇಳುತ್ತಾರೆ. ಮಂಜುಗಡ್ಡೆ ಬೇಗ ಕರಗುವುದರಿಂದ ಸೀಲ್ ಹಿಡಿಯಲಾಗದ ಕರಡಿಗಳು ಹೆಚ್ಚು ದಿನ ದಡದಲ್ಲಿ ಉಳಿಯುತ್ತಿವೆ, ಆದ್ದರಿಂದ ಜಾಸ್ತಿ ಕಾಣುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. 2016ರ ಅಂದಾಜು 842, 2021ರದ್ದು 618. ಈ ಇಳಿಕೆಯನ್ನು ನಾನು ನಂಬುತ್ತೇನೆ. ಕೋಟಾ ಹೆಚ್ಚಾಗಲಿ ಎಂಬ ಆಸೆ ಬೇಟೆಗಾರರಿಗೆ ಇಲ್ಲವೆಂದು ನಟಿಸುವುದೂ ನನಗೆ ಬೇಡ. ಆದರೆ ಇದೇ ಪ್ರದೇಶದಲ್ಲಿ 56 ಇದ್ದ ನುನಾವುಟ್ ಕೋಟಾವನ್ನು 2007ರಲ್ಲಿ 38ಕ್ಕೆ, ಮರುವರ್ಷ 8ಕ್ಕೆ ಇಳಿಸಿದ್ದನ್ನು ಕಂಡವರು ಮುಂದಿನ ಸಮೀಕ್ಷೆಯನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಅವರ ಅಜ್ಞಾನ ಕಾರಣವಲ್ಲ.

ಬೇಟೆಗಾರರ ಮಾತು ಕೇಳಿದ್ದರಿಂದ ವಿಜ್ಞಾನವೂ ಸುಧಾರಿಸಿದೆ. ಕರಡಿಗೆ ಅರಿವಳಿಕೆ ಚುಚ್ಚಿ, ಕಿವಿಗೆ ಗುರುತು ಹಾಕಿ ಬಿಡುವುದನ್ನು ಇನುಯಿಟ್ ಹಿರಿಯರು ಬಹಳ ಕಾಲದಿಂದ ವಿರೋಧಿಸುತ್ತಿದ್ದರು. ಅದು ಪ್ರಾಣಿಗೆ ಅವಮಾನ. ಔಷಧ ಸೇರಿದ ಮಾಂಸವನ್ನು ತಿನ್ನುವುದು ಹೇಗೆ ಎಂಬ ಪ್ರಶ್ನೆ ಬೇರೆ. ಮೆಕ್ಲಿಂಟಾಕ್‌ನ ಹೊಸ ಸಮೀಕ್ಷೆಯಲ್ಲಿ ಕರಡಿಯನ್ನು ಹಿಡಿಯಲೇ ಇಲ್ಲ. ದೂರದಿಂದ ಸಣ್ಣ ಬಾಣ ಹೊಡೆದು ಚೂರು ಚರ್ಮ ತೆಗೆದು, ವಂಶವಾಹಿಯಿಂದಲೇ ಒಂದೊಂದು ಕರಡಿಯನ್ನೂ ಗುರುತಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1988ರ ಒಂದು ಒಪ್ಪಂದ. ಕೆನಡಾದ ಇನುವಿಯಾಲುಯಿಟ್ ಮತ್ತು ಅಲಾಸ್ಕಾದ ಇನುಪಿಯಾಟ್ ಬೇಟೆಗಾರರು ಬೋಫೋರ್ಟ್ ಸಮುದ್ರದ ಕರಡಿಗಳ ಬಗ್ಗೆ ತಾವೇ ಕುಳಿತು ಮಾತಾಡಿ ಸಹಿ ಹಾಕಿದರು. ಎರಡು ಕಡೆಗೂ ಕೋಟಾ, ಮರಿಗಳಿರುವ ತಾಯಿಯನ್ನೂ ಗವಿಯಲ್ಲಿರುವ ಕರಡಿಯನ್ನೂ ಮುಟ್ಟುವಂತಿಲ್ಲ. ಗಡಿಯಾಚೆಯವರ ಜೊತೆ ಕೊಟ್ಟ ಮಾತಿಗೆ ಕಾನೂನಿನ ಬಲವೇ ಇರಲಿಲ್ಲ.

ಇತ್ತ 2008ರಲ್ಲಿ ಅಮೆರಿಕ ಹಿಮಕರಡಿಯನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿ, ತನ್ನ ಪ್ರಜೆಗಳು ಬೇಟೆಯ ಚರ್ಮವನ್ನು ಮನೆಗೆ ತರುವುದನ್ನು ನಿಲ್ಲಿಸಿತು. ಹವಾಮಾನದ ಕಾರಣಕ್ಕೆ ಸೇರಿಸಿದ ಪಟ್ಟಿಯ ಪೆಟ್ಟು ಮೊದಲು ಬಿದ್ದದ್ದು ಹೊರಗಿನ ಬೇಟೆಗಾರರನ್ನು ನಾಯಿಬಂಡಿಯಲ್ಲಿ ಕರೆದೊಯ್ದು ಬದುಕುವವರ ಮೇಲೆ. ಇಂಗಾಲ ಸುಡುವವರ ಮೇಲಲ್ಲ.

ಅರ್ವಿಯಾಟ್‌ನಲ್ಲಿ ರಾತ್ರಿ ಕರಡಿಗಳನ್ನು ಬೆದರಿಸಿ ಓಡಿಸುವ ಕಾವಲು ಪಡೆ 2010ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂಬ ಸಂರಕ್ಷಣಾ ಸಂಸ್ಥೆಯ ನೆರವಿನಿಂದ ಶುರುವಾಯಿತು. ಕಾವಲಿಗೆ ನಿಂತವರು ಊರಿನವರೇ. ಇದಕ್ಕೆ ದೇಣಿಗೆಯ ದಾರಿ ಕಾಯಬೇಕಾಗಿದ್ದೇಕೆ? ಕೋಟಾ ಇಳಿಸುವ ಆದೇಶದ ಜೊತೆಗೆ ಒಂದು ಹಾಳೆ ಹೆಚ್ಚಿಗೆ ಇರಬೇಕು ಎಂಬುದು ನನ್ನ ವಾದ. ಆ ಊರಿಗೆ ಎಷ್ಟು ವರ್ಷ, ಎಷ್ಟು ಪರಿಹಾರ, ಯಾವ ಖಜಾನೆಯಿಂದ, ಕಾವಲುಗಾರರಿಗೆ ಸಂಬಳ ಯಾರದು ಎಂದು ಅದರಲ್ಲಿ ಬರೆದಿರಬೇಕು. ಮಂತ್ರಿಯ ಸಹಿ ಆ ಹಾಳೆಯ ಮೇಲೂ ಬೀಳಲಿ.